ಹುರಿದ ಏಳು ಸೊಪ್ಪು

ಏಳು ಸೊಪ್ಪಿನ ಪೊಟ್ಟಣಕ್ಕೆ ಹಸಿರು ಗುರುವಾರದ ಹಿಂದಿನ ವಾರ ಮೂರು ಯೂರೋ. ಆ ದಿನ ಬೆಳಿಗ್ಗೆ ನಾಲ್ಕು, ಅದೂ ತೋಟದವರ ಪರಿಚಯ ಇದ್ದರೆ. ನಾವು ತಂದದ್ದು ಹದಿನಾರು ಪೊಟ್ಟಣ, ಅರವತ್ತನಾಲ್ಕು ಯೂರೋ. ನೂರು ಮೊಟ್ಟೆಗೆ ಮೂವತ್ತು. ಹದಿನೈದು ಕಿಲೋ ಆಲೂಗಡ್ಡೆಗೆ ಹದಿನೆಂಟು. ಹುಳಿ ಕೆನೆ, ಮೊಸರು, ಸಾಸಿವೆ, ನಿಂಬೆಹಣ್ಣು ಸೇರಿ ಮೂವತ್ತೈದು. ಒಟ್ಟು ನೂರ ನಲವತ್ತೇಳು. ಐವತ್ತು ಜನ ತಲಾ ನಾಲ್ಕು ಯೂರೋ ಕೊಟ್ಟು ಉಂಡರೆ ಇನ್ನೂರು ಬರುತ್ತದೆ. ಮಿಕ್ಕಿದ್ದರಲ್ಲಿ ಗ್ಯಾಸು, ಕರೆಂಟು, ಪಾತ್ರೆ ತೊಳೆಯುವ ಸೋಪು. ನಮ್ಮ ಸಂಬಳವನ್ನು ಬಡಾವಣೆಯ ಸಂಘ ಕೊಡುತ್ತದೆ, ಕೊಡುವಾಗ ಪ್ರತಿ ತಿಂಗಳೂ ಒಂದು ನಿಟ್ಟುಸಿರು ಬಿಡುತ್ತದೆ.

ಫ್ರಾಂಕ್‌ಫರ್ಟ್‌ನ ತೋಟಗಳ ಬದಿಗಿರುವ ಓಬರ್‌ರಾಡ್‌ನಲ್ಲಿ ನಾನು ಹತ್ತೊಂಬತ್ತು ವರ್ಷ ಈ ಸಂಘದ ಅಡುಗೆಮನೆ ನಡೆಸಿದ್ದೇನೆ. ಮಧ್ಯಾಹ್ನದ ಊಟ, ಹೆಚ್ಚಾಗಿ ಮುದುಕರಿಗೆ. ನನ್ನ ಹೆಸರು ಗೆರ್ಲಿಂಡ, ಎಲ್ಲರೂ ಲಿಂಡೆ ಅನ್ನುತ್ತಾರೆ. ನನ್ನ ಅಮ್ಮ ಇಲ್ಲಿನ ತೋಟದ ಕೊಟ್ಟಿಗೆಗಳಲ್ಲಿ ದಿನಗೂಲಿಗೆ ಸೊಪ್ಪು ಕಟ್ಟುತ್ತಿದ್ದಳು. ಹಾಗಾಗಿ ಪಾರ್ಸ್ಲಿ, ಈರುಳ್ಳಿ ವಾಸನೆಯ ಚೈವ್ಸ್, ಹುಳಿಸೊಪ್ಪು, ಖಾರದ ಅಳವಿ, ಸೋಂಪಿನ ಪರಿಮಳದ ಚೆರ್ವಿಲ್, ಸೌತೆಕಾಯಿ ವಾಸನೆಯ ಒರಟು ಎಲೆಯ ಬೋರೇಜ್, ಹಲ್ಲುಹಲ್ಲಿನ ಅಂಚಿನ ಪಿಂಪಿನೆಲ್, ಈ ಏಳನ್ನೂ ನಾನು ಅಕ್ಷರ ಕಲಿಯುವ ಮೊದಲೇ ಕಲಿತವಳು. ಇವನ್ನು ಹಸಿಯಾಗಿಯೇ ಸಣ್ಣಗೆ ಹೆಚ್ಚಿ, ಕೆನೆ ಮೊಸರಲ್ಲಿ ಕಲಸಿ, ಬೇಯಿಸಿದ ಮೊಟ್ಟೆ ಮತ್ತು ಆಲೂಗಡ್ಡೆಯ ಮೇಲೆ ಸುರಿದರೆ ನಮ್ಮ ಹಸಿರು ಗೊಜ್ಜು. ಶುಭ ಶುಕ್ರವಾರದ ಹಿಂದಿನ ದಿನವೇ ಹಸಿರು ಗುರುವಾರ, ಅವತ್ತು ಅದಿಲ್ಲದ ಮನೆ ನಮ್ಮೂರಲ್ಲಿಲ್ಲ.

ಆ ವರ್ಷ ನನಗೆ ಅರವತ್ತಾರು ತುಂಬಿತ್ತು. ಮೇ ಕೊನೆಗೆ ಕೆಲಸ ಬಿಡುವುದೆಂದು ಹೇಳಿಯಾಗಿತ್ತು. ನನ್ನ ನಂತರ ಗೊಲ್ನಾರ್ ಬರಬೇಕೆಂದು ನನ್ನ ಆಸೆ.

ಗೊಲ್ನಾರ್ ಇರಾನಿನ ರಶ್ತ್ ಊರಿನವಳು. ಹನ್ನೆರಡು ವರ್ಷ ಬ್ರೆಮೆನ್‌ನಲ್ಲಿ ಹೋಟೆಲ್ ಕೋಣೆಗಳನ್ನು ಗುಡಿಸಿ, ಸೊಂಟ ಹಾಳು ಮಾಡಿಕೊಂಡು ನವೆಂಬರಿನಲ್ಲಿ ನಮ್ಮಲ್ಲಿಗೆ ಬಂದಳು. ಮೊದಲ ದಿನವೇ ನನ್ನ ಮಸಾಲೆ ಕಪಾಟು ತೆರೆದು ನೋಡಿ, "ಲಿಂಡೆ ಖಾನೂಮ್, ಇಷ್ಟೇನಾ?" ಎಂದು ಕೇಳಿದಳು. ಖಾನೂಮ್ ಎಂದರೆ ಅವರಲ್ಲಿ ಅಮ್ಮಾವ್ರು ಎಂದ ಹಾಗೆ.

"ಉಪ್ಪಿದೆ, ಮೆಣಸಿದೆ, ಜಾಯಿಕಾಯಿ ಇದೆ. ಇನ್ನೇನು ಬೇಕೆ?" ಎಂದೆ.

"ಆಸ್ಪತ್ರೆ ಕಪಾಟಿನಲ್ಲೂ ಇದಕ್ಕಿಂತ ಜಾಸ್ತಿ ಇರುತ್ತೆ."

ಚಳಿಗಾಲ ಮುಗಿಯುವಷ್ಟರಲ್ಲಿ ಕಪಾಟು ಸಾಲದೆ ಕಿಟಕಿಯ ಹಲಗೆಗೂ ಡಬ್ಬಿಗಳು ಬಂದವು. ಸೋಮವಾರ ಜೀರಿಗೆ, ದಾಲ್ಚಿನ್ನಿ ಹಾಕಿದ ಮೊರಾಕೋದ ಕಡಲೆ ಸಾರು. ಬುಧವಾರ ಕೆಳಗಿನ ಅಂಗಡಿಯ ವಿಯೆಟ್ನಾಮಿನ ಹೆಂಗಸಿನಿಂದ ಕಲಿತ ಪುದೀನ, ಶುಂಠಿಯ ಶಾವಿಗೆ. ಶುಕ್ರವಾರ ತನ್ನ ಊರಿನ ಬೆಳ್ಳುಳ್ಳಿ ಬದನೆಕಾಯಿ. ಮೊದಮೊದಲು ಮುದುಕರು ಕೊತ್ತಂಬರಿ ಸೊಪ್ಪನ್ನು ತಟ್ಟೆಯಂಚಿಗೆ ಹೆಕ್ಕಿಡುತ್ತಿದ್ದರು. ಫೆಬ್ರವರಿಯಲ್ಲಿ ಒಂದು ದಿನ ಹಾಕಲು ಮರೆತರೆ, ಎಂಬತ್ತೆಂಟು ವರ್ಷದ ರೋರಿಗ್ ಅಜ್ಜಿ ಅಡುಗೆಮನೆ ಬಾಗಿಲಿಗೇ ಬಂದು, "ಆ ಸೋಪಿನ ವಾಸನೆ ಸೊಪ್ಪು ಎಲ್ಲಿ ಇವತ್ತು?" ಎಂದು ಕೇಳಿದಳು.

ಆದರೆ ಸಂಘದ ಖಜಾಂಚಿ ಎವಾಲ್ಟ್ ಶ್ಟೋಲ್ ಬೇರೆ ಲೆಕ್ಕ ಹಾಕುತ್ತಿದ್ದ. ನಾನು ಹೋದ ಮೇಲೆ ಒಲೆ ಆರಿಸಿ, ಪಟ್ಟಣದಿಂದ ಪೆಟ್ಟಿಗೆಯಲ್ಲಿ ಬರುವ ಊಟ ತರಿಸಿದರೆ ಒಂದು ಸಂಬಳ ಉಳಿಯುತ್ತದೆ ಎಂಬುದು ಅವನ ವಾದ. ಎವಾಲ್ಟ್ ನನ್ನ ಜೊತೆ ಒಂದೇ ಬೆಂಚಿನಲ್ಲಿ ಓದಿದವನು. ಲೆಕ್ಕವನ್ನು ನನ್ನ ಪುಸ್ತಕ ನೋಡಿ ಬರೆಯುತ್ತಿದ್ದವನು ಈಗ ಖಜಾಂಚಿ. ಅವನ ಅಪ್ಪನದು ಸೊಪ್ಪಿನ ತೋಟ, ಅವನೂ ನಲವತ್ತು ವರ್ಷ ಅದೇ ಮಣ್ಣಿನಲ್ಲಿದ್ದವನು. "ಹಸಿರು ಗುರುವಾರ ಊಟಕ್ಕೆ ಬರ್ತೀನಿ. ಉಂಡು, ನೋಡಿ, ಅವತ್ತೇ ಹೇಳಿಬಿಡ್ತೀನಿ" ಎಂದಿದ್ದ. ಅವನು ಹೇಳಿದ್ದಕ್ಕೆ ಉಳಿದವರು ತಲೆಯಾಡಿಸುತ್ತಾರೆ. ಗೊಲ್ನಾರ್‌ಗೆ ಇದನ್ನೆಲ್ಲ ಹೇಳಿದ್ದೆ.

"ಬೇಡ ಅಂದ್ರೆ?" ಎಂದು ಕೇಳಿದಳು.

"ಬೇಡ ಅಂದ್ರೆ ನಿಂದೂ ಮೇ ಕೊನೆಗೆ ಮುಗೀತು."

ಅವಳು ಕೈಯಲ್ಲಿದ್ದ ಪಾತ್ರೆಯನ್ನು ಎರಡನೇ ಸಲ ತೊಳೆದಳು.

ಬುಧವಾರ ಮೊಟ್ಟೆಯವನು ಕೈಕೊಟ್ಟ. ಗುರುವಾರ ಬೆಳಿಗ್ಗೆ ನಾನೇ ಎರಡು ಚೀಲ ಹಿಡಿದು ಟ್ರಾಮ್ ಹತ್ತಿದೆ. ಹೊರಡುವಾಗ ಗೊಲ್ನಾರ್ ಸೊಪ್ಪಿನ ಪೊಟ್ಟಣಗಳನ್ನು ಬಿಚ್ಚುತ್ತಿದ್ದಳು.

"ಎಲ್ಲಾ ತೊಳೆದು ಹೆಚ್ಚಿಡು. ಸಣ್ಣಗೆ, ತುಂಬಾ ಸಣ್ಣಗೆ. ಎವಾಲ್ಟ್‌ಗೆ ದಪ್ಪ ಇದ್ರೆ ಆಗಲ್ಲ" ಎಂದೆ.

"ಸೊಪ್ಪು ಹೆಚ್ಚೋದನ್ನ ರಶ್ತ್‌ನವಳಿಗೆ ಹೇಳಿಕೊಡ್ತೀರಾ? ಹೋಗಿ ಬನ್ನಿ ಖಾನೂಮ್. ನೀವು ಬರೋ ಹೊತ್ತಿಗೆ ಎಲ್ಲಾ ತಯಾರು."

ಮುಂದಿನ ಮಾತನ್ನು ನಾನು ಹೇಳಲೇ ಇಲ್ಲ. ಹಸಿಯಾಗಿಯೇ ಇರಲಿ ಎಂದು ಹೇಳಬೇಕೆಂದು ಹೊಳೆಯಲೂ ಇಲ್ಲ. ನೀರು ಕುಡಿಯುವಾಗ ಬಾಯಿ ತೆರೆ ಎಂದು ಯಾರಾದರೂ ಹೇಳುತ್ತಾರೆಯೇ?

ಹತ್ತೂವರೆಗೆ ವಾಪಸು ಬಂದೆ. ಮೆಟ್ಟಿಲ ಬುಡದಲ್ಲೇ ಪರಿಮಳ ಮೂಗಿಗೆ ಬಡಿಯಿತು. ಒಳ್ಳೆಯ ಪರಿಮಳವೇ, ಎಣ್ಣೆಯಲ್ಲಿ ಹದವಾಗಿ ಹುರಿದ ಸೊಪ್ಪಿನದು. ಎರಡು ಮೆಟ್ಟಿಲು ಹತ್ತಿದ ಮೇಲೆ ಅದು ಯಾವ ಸೊಪ್ಪು ಎಂಬುದು ತಲೆಗೆ ಹೋಯಿತು. ನೂರು ಮೊಟ್ಟೆ ಹಿಡಿದುಕೊಂಡು ಓಡುವ ಹಾಗಿಲ್ಲ. ಆದರೂ ಓಡಿದೆ.

ಗೊಲ್ನಾರ್ ನಮ್ಮ ಅತಿ ದೊಡ್ಡ ಬಾಣಲೆಯ ಮುಂದೆ ನಿಂತಿದ್ದಳು. ಮುಖ ಕೆಂಪಾಗಿತ್ತು, ಸಂತೋಷವಾಗಿತ್ತು. ನಾಲ್ಕು ಕಿಲೋ ಸೊಪ್ಪು ಕುಗ್ಗಿ, ಕಪ್ಪು ಹಸಿರಾಗಿ, ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡು ಮಿರಿಮಿರಿ ಹೊಳೆಯುತ್ತಿತ್ತು.

"ನೋಡಿ ಖಾನೂಮ್! ಒಂದೇ ಒಂದು ಎಲೆ ಸೀದಿಲ್ಲ. ಮೆಂತ್ಯ ಸೊಪ್ಪು ಯಾಕೆ ತಂದಿಲ್ಲ ಅಂತ ಯೋಚಿಸ್ತಿದ್ದೆ, ಅದಿಲ್ದೆ ಸ್ವಲ್ಪ ಬೋಳು ಅನ್ಸುತ್ತೆ. ಈ ಒರಟು ಎಲೆ ಮಾತ್ರ ಹುರಿಯೋಕೆ ತುಂಬಾ ಸತಾಯಿಸ್ತು."

ನಾನು ಚೀಲ ಕೆಳಗಿಟ್ಟು ಸ್ಟೂಲಿನ ಮೇಲೆ ಕುಳಿತೆ.

"ಗೊಲ್ನಾರ್, ಅದನ್ನ ಹುರಿಯೋದಿಲ್ಲ."

"ಏನನ್ನ?"

"ಯಾವುದನ್ನೂ. ಹಸಿಯಾಗೇ ಹಾಕೋದು."

ಅವಳು ಒಲೆ ಆರಿಸಿದಳು. ನನ್ನನ್ನು ನೋಡಿದಳು, ಬಾಣಲೆಯನ್ನು ನೋಡಿದಳು. "ನಾಲ್ಕು ಕಿಲೋ ಹೆಚ್ಚಿದ ಸೊಪ್ಪನ್ನ ಹಸಿಯಾಗಿ ಯಾರು ತಿಂತಾರೆ? ಹಸಿ ತಿನ್ನೋದಾದ್ರೆ ಹೆಚ್ಚೋದ್ಯಾಕೆ? ಕಡ್ಡಿ ಸಮೇತ ತಟ್ಟೇಲಿಟ್ಟು, ರೊಟ್ಟಿ ಚೀಸ್ ಜೊತೆ ಕಿತ್ಕೊಂಡು ತಿನ್ನಬಹುದಲ್ಲ! ಹೆಚ್ಚು ಅಂದ್ರಿ. ಹೆಚ್ಚು ಅಂದ್ರೆ ನಮ್ಮಲ್ಲಿ ಬಾಣಲೆಗೆ ಅಂತಾನೇ."

"ತಪ್ಪು ನಂದೇ. ನಾನು ಹೇಳಬೇಕಿತ್ತು."

"ಎಷ್ಟು ಸಣ್ಣಗೆ ಅಂತ ಎರಡು ಸಲ ಹೇಳಿದ್ರಿ," ಎಂದಳು. "ಅದನ್ನ ಮಾತ್ರ ಹೇಳಿದ್ರಿ."

ಫೋನ್ ತೆಗೆದುಕೊಂಡು ನನಗೆ ಗೊತ್ತಿದ್ದ ಐದು ತೋಟಗಳಿಗೂ ಮಾಡಿದೆ. ಹಸಿರು ಗುರುವಾರ ಹತ್ತೂಮುಕ್ಕಾಲಿಗೆ ಸೊಪ್ಪು ಕೇಳಿದರೆ ಏನಾಗುತ್ತದೋ ಅದೇ ಆಯಿತು. ಇಬ್ಬರು ನಕ್ಕರು, ಇಬ್ಬರು ಎತ್ತಲೇ ಇಲ್ಲ, ಒಬ್ಬಳು "ಶನಿವಾರ ಬಾ ಲಿಂಡೆ" ಅಂದಳು.

ಆಗ ನನಗೆ ಒಂದು ಸುಳ್ಳು ಹೊಳೆಯಿತು. ಅಡುಗೆಮನೆ ನಡೆಸುವವಳಿಗೆ ಅಂಥವು ಬೇಗ ಹೊಳೆಯುತ್ತವೆ. "ತೋಟದವರು ಸೊಪ್ಪು ಕಳಿಸ್ಲಿಲ್ಲ ಅಂತ ಎವಾಲ್ಟ್‌ಗೆ ಹೇಳೋಣ. ಮೊಟ್ಟೆಗೆ ಸಾಸಿವೆ ಗೊಜ್ಜು ಮಾಡಿ ಬಡಿಸೋಣ. ಬಾಣಲೆದನ್ನ ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಡು."

"ಹನ್ನೆರಡು ವರ್ಷ ಹೋಟೆಲಿನಲ್ಲಿ ಲೋಟ ಒಡೆದ್ರೆ ಅತಿಥಿ ಒಡೆದ ಅಂತ ಹೇಳ್ತಿದ್ವಿ," ಎಂದಳು ಗೊಲ್ನಾರ್. "ಅಲ್ಲಿ ಸರಿ. ಇದು ನಾನು ಮಾಡಿದ ಅಡುಗೆ. ಒಂದು ಎಲೆ ಸೀದಿಲ್ಲ. ಇದನ್ನ ಬಚ್ಚಿಡಲ್ಲ ಖಾನೂಮ್."

"ಹಾಗಾದ್ರೆ ಕೆಲಸ ಹೋಗುತ್ತೆ."

"ಹೋಗ್ಲಿ" ಅಂದಳು. ಆದರೆ ಅನ್ನುವಾಗ ಮೇಜಿನ ಅಂಚನ್ನು ಹಿಡಿದುಕೊಂಡಿದ್ದಳು. ನಲವತ್ತೇಳು ವರ್ಷಕ್ಕೆ ಮತ್ತೆ ಹಾಸಿಗೆ ಹೊದಿಕೆ ಬದಲಾಯಿಸಲು ಹೋಗುವುದೆಂದರೆ ಏನೆಂದು ಅವಳ ಸೊಂಟಕ್ಕೆ ಗೊತ್ತಿತ್ತು.

ಬಾಗಿಲಲ್ಲಿ ಯಾರೋ ಕೆಮ್ಮಿದರು. ರೋರಿಗ್ ಅಜ್ಜಿ. ಕಿಟಕಿ ಪಕ್ಕದ ಕುರ್ಚಿ ತಪ್ಪಿಹೋಗಬಾರದೆಂದು ಹಬ್ಬದ ದಿನ ಒಂದೂವರೆ ಗಂಟೆ ಮೊದಲೇ ಬಂದು ಕೂರುವವಳು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದಳೋ.

"ಹುರಿದುಬಿಟ್ಟೆಯಾ, ಮಗಳೇ?" ಎಂದಳು. ಹತ್ತಿರ ಬಂದು ಬಾಣಲೆಯೊಳಗೆ ಬಗ್ಗಿ ನೋಡಿದಳು. "ಅಯ್ಯೋ ದೇವರೇ. ನನ್ನ ಗಂಡ ಬದುಕಿದ್ದಿದ್ರೆ ಪೊಲೀಸರನ್ನ ಕರೀತಿದ್ದ." ಬಾಣಲೆಗೆ ಬೆರಳು ಹಾಕಿ ನೆಕ್ಕಿದಳು. ಮತ್ತೊಮ್ಮೆ ನೆಕ್ಕಿದಳು. "ಉಪ್ಪು ಕಡಿಮೆ. ಅದಿರಲಿ. ನಮ್ಮ ಫ್ರಿಜ್ಜಿನಲ್ಲಿ ಒಂದು ಪೊಟ್ಟಣ ಇದೆ, ನಾಳೆ ಮೊಮ್ಮಗಳು ಬರ್ತಾಳೆ ಅಂತ ತಂದಿದ್ದೆ. ತಗೋ. ನಮ್ಮ ಕಟ್ಟಡದಲ್ಲಿ ಎಂಟು ಮನೆ. ಎಲ್ಲರ ಫ್ರಿಜ್ಜಿನಲ್ಲೂ ಇವತ್ತು ಒಂದೊಂದಿರುತ್ತೆ."

"ಯಾರು ಕೊಡ್ತಾರೆ ಅಜ್ಜಿ, ಇವತ್ತು?" ಎಂದೆ ನಾನು.

"ನೀನು ಕೇಳಿದ್ರೆ ಕೊಡಲ್ಲ. ನಿಂಗೆ ಸೊಕ್ಕು ಅಂತ ಅರ್ಧ ಬೀದಿಗೆ ಗೊತ್ತು. ಇವಳು ಕೇಳಲಿ. ಏನಾಯ್ತು ಅಂತ ಹೇಳಿ ಕೇಳಲಿ."

ಗೊಲ್ನಾರ್ ಏಪ್ರನ್ ಬಿಚ್ಚದೆಯೇ ಬುಟ್ಟಿ ತೆಗೆದುಕೊಂಡಳು. ಅಜ್ಜಿ ಅವಳ ತೋಳು ಹಿಡಿದು ಕರೆದೊಯ್ದಳೋ, ಅವಳೇ ಅಜ್ಜಿಯನ್ನು ನಡೆಸಿಕೊಂಡು ಹೋದಳೋ ಹೇಳುವುದು ಕಷ್ಟ. ನಾನು ಆಲೂಗಡ್ಡೆ ಬೇಯಲು ಇಟ್ಟು, ಮೊಟ್ಟೆಗೆ ನೀರು ಕಾಯಿಸಿದೆ.

ಮುಂದಿನದನ್ನು ಕೇಳಿದ್ದು ಮಾತ್ರ ಹೇಳಬಲ್ಲೆ. ಪ್ರತಿ ಬಾಗಿಲಲ್ಲೂ ಅಜ್ಜಿ ಕರೆಗಂಟೆ ಒತ್ತಿ ಹಿಂದೆ ಸರಿದು ನಿಂತಳಂತೆ. ಗೊಲ್ನಾರ್, "ನಾನು ಸಂಘದ ಅಡುಗೆಯವಳು. ಹದಿನಾರು ಪೊಟ್ಟಣ ಹಸಿರು ಗೊಜ್ಜಿನ ಸೊಪ್ಪನ್ನ ಗೊತ್ತಾಗದೆ ಹುರಿದುಬಿಟ್ಟೆ" ಎನ್ನುವಳಂತೆ. ಬಾಗಿಲು ತೆರೆದವರು, "ಹುರಿದ್ಯಾ? ಬೋರೇಜನ್ನೂ?" ಎನ್ನುವರಂತೆ. ಎರಡನೇ ಮಹಡಿಯ ವಿಧವೆಯೊಬ್ಬಳು ನಗುತ್ತಾ ನಗುತ್ತಾ ಬಾಗಿಲ ಚೌಕಟ್ಟು ಹಿಡಿದುಕೊಂಡು ತನ್ನ ಪೊಟ್ಟಣದ ಜೊತೆ ನಿಂಬೆಹಣ್ಣನ್ನೂ ಕೊಟ್ಟಳು. ಒಬ್ಬ ನಿವೃತ್ತ ಕಂಡಕ್ಟರ್ ಅರ್ಧ ಪೊಟ್ಟಣ ಕೊಟ್ಟು ಕಾಲು ಗಂಟೆ ಉಪದೇಶ ಕೊಟ್ಟ. ಒಂದು ಮನೆಯವರು ಬಾಗಿಲು ಮುಚ್ಚಿದರು. ಎದುರು ಕಟ್ಟಡದಲ್ಲಿ ಒಬ್ಬಳು ಕೊಟ್ಟಿದ್ದರಲ್ಲಿ ಏಳರಲ್ಲಿಲ್ಲದ ಸಬ್ಬಸಿಗೆ ಸೊಪ್ಪು ಸೇರಿತ್ತು. ನಮ್ಮೂರಲ್ಲಿ ಅದನ್ನು ಗೊಜ್ಜಿಗೆ ಹಾಕುವವರನ್ನು ಮದುವೆಗೆ ಕರೆಯುತ್ತಾರೆ, ಅಡುಗೆಮನೆಗೆ ಬಿಡುವುದಿಲ್ಲ.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಇಬ್ಬರೂ ಬಂದರು. ಒಂಬತ್ತು ಪೂರ್ತಿ ಪೊಟ್ಟಣ, ಎರಡು ಅರ್ಧ. ಬೇಕಾದದ್ದು ಹದಿನಾರು.

"ಸಾಲದು" ಎಂದೆ.

"ಮೊಟ್ಟೆ ಎಷ್ಟಿದೆ?" ಎಂದು ಗೊಲ್ನಾರ್ ಕೇಳಿದಳು.

"ನೂರು. ತಲೆಗೆ ಎರಡು."

"ತಲೆಗೆ ಒಂದು ಬೇಯಿಸಿ. ಸ್ವಲ್ಪ ಮೇಲೆ ಇರಲಿ, ಅರವತ್ತು. ನಲವತ್ತು ನಂಗೆ ಕೊಡಿ."

ಅವಳ ಕೈಗಳು ಓಡುವುದನ್ನು ನಾನು ಆರು ತಿಂಗಳಿಂದ ನೋಡುತ್ತಿದ್ದೆ, ಆದರೆ ಅಂಥದ್ದನ್ನು ನೋಡಿರಲಿಲ್ಲ. ನಲವತ್ತು ಮೊಟ್ಟೆ ಒಡೆದು ಕಲಕಿ, ಅರಿಸಿನ, ಒಂದು ಚಿಟಿಕೆ ದಾಲ್ಚಿನ್ನಿ, ಕಿಟಕಿ ಡಬ್ಬಿಯಿಂದ ಒಣ ಮೆಂತ್ಯ ಸೊಪ್ಪು, ಜಜ್ಜಿದ ಅಕ್ರೋಟ, ಹುಳಿಹುಳಿಯಾದ ಕೆಂಪು ಒಣ ಹಣ್ಣು ಸೇರಿಸಿ, ಬಾಣಲೆಯ ಹುರಿದ ಸೊಪ್ಪನ್ನೆಲ್ಲ ಅದರಲ್ಲಿ ಬೆರೆಸಿ ನಾಲ್ಕು ಅಗಲ ತಟ್ಟೆಗೆ ಸುರಿದು ಓವನ್ನಿಗೆ ತಳ್ಳಿದಳು. ಅವರಲ್ಲಿ ಅದಕ್ಕೆ ಕೂಕು ಎನ್ನುತ್ತಾರೆ, ಸೊಪ್ಪಿನ ದಪ್ಪ ಮೊಟ್ಟೆದೋಸೆ ಅಂದುಕೊಳ್ಳಿ. ನಾನು ಅತ್ತ ಹಸಿ ಸೊಪ್ಪು ಹೆಚ್ಚುತ್ತಿದ್ದೆ. ಸಬ್ಬಸಿಗೆಯನ್ನು ಎಳೆಎಳೆಯಾಗಿ ಹೆಕ್ಕಲು ಹೊತ್ತಿರಲಿಲ್ಲ. ಕಣ್ಣುಮುಚ್ಚಿ ಹೆಚ್ಚಿದೆ.

ಹನ್ನೆರಡೂವರೆಗೆ ಬಾಗಿಲು ತೆರೆದರೆ ಐವತ್ತರ ಬದಲು ಅರವತ್ತನಾಲ್ಕು ಜನ. ಪೊಟ್ಟಣ ಕೊಟ್ಟವರೆಲ್ಲ ತಮ್ಮ ಸೊಪ್ಪಿಗೆ ಏನು ಗತಿಯಾಯಿತು ಎಂದು ನೋಡಲು ಬಂದಿದ್ದರು. ಕಂಡಕ್ಟರ್ ತನ್ನದೇ ಚಮಚ ತಂದಿದ್ದ. ಅವರ ಹಿಂದೆ ಎವಾಲ್ಟ್.

"ಲಿಂಡೆ, ನಮ್ಮಕ್ಕ ಫೋನ್ ಮಾಡಿದ್ಲು," ಎಂದ. "ನಿನ್ನ ಅಡುಗೆಯವಳು ಪಿಂಪಿನೆಲ್‌ನ ಎಣ್ಣೆಗೆ ಹಾಕಿದ್ಳಂತೆ."

"ಹಾಕಿದ್ಳು. ಕೂತ್ಕೋ."

"ನಮ್ಮಪ್ಪ ಗೋರಿಯಲ್ಲಿ ಮಗ್ಗುಲು ಬದಲಾಯಿಸಿರ್ತಾನೆ."

"ನಿಮ್ಮಪ್ಪ ಬದುಕಿದ್ದಾಗಲೂ ಸುಮ್ನೆ ಮಲಗಿದವನಲ್ಲ. ಕೂತ್ಕೋ ಎವಾಲ್ಟ್, ಜನ ಕಾಯ್ತಿದ್ದಾರೆ."

ಪ್ರತಿ ತಟ್ಟೆಗೂ ಆಲೂಗಡ್ಡೆ, ಒಂದು ಮೊಟ್ಟೆ, ಎರಡು ಚಮಚ ಹಸಿರು ಗೊಜ್ಜು, ಒಂದು ತುಂಡು ಕೂಕು. ಕೊನೆಯ ಎಂಟು ಜನಕ್ಕೆ ಅರ್ಧ ಮೊಟ್ಟೆ. ನನಗೂ ಗೊಲ್ನಾರ್‌ಗೂ ಏನೂ ಉಳಿಯಲಿಲ್ಲ. ಬೆಂಡರ್ ದಂಪತಿ ಗೊಜ್ಜಿನಲ್ಲಿ ಸಬ್ಬಸಿಗೆಯ ಎಳೆ ಕಂಡು, "ಇದು ಓಬರ್‌ರಾಡೋ, ಬರ್ಲಿನ್ನೋ?" ಎಂದು ಎದ್ದು ಕೋಟು ಹಾಕಿಕೊಂಡರು. ಹನ್ನೊಂದು ವರ್ಷ ದಿನವೂ ಬಂದವರು. ಇನ್ನೂ ಐದಾರು ಜನ ಕೂಕುವನ್ನು ಮುಟ್ಟಲಿಲ್ಲ. ಮಿಕ್ಕವರು ತಿಂದರು. ಎರಡನೇ ಮಹಡಿಯ ವಿಧವೆ ಪಕ್ಕದವನ ತಟ್ಟೆಯದನ್ನೂ ತಿಂದಳು.

ಎವಾಲ್ಟ್ ಮೊದಲು ಗೊಜ್ಜನ್ನು ತಿಂದು ಮುಗಿಸಿದ. ಆಮೇಲೆ ಕೂಕುವನ್ನು ಮೂಗಿನ ಹತ್ತಿರ ಹಿಡಿದ. ನಲವತ್ತು ವರ್ಷ ಸೊಪ್ಪು ಬೆಳೆದವನು, ಹುರಿದರೂ ಅವನಿಗೆ ಗುರುತು ಸಿಗುತ್ತದೆ. ಅರ್ಧ ತಿಂದು ಗೊಲ್ನಾರ್‌ಳನ್ನು ಕರೆದ. ಅವಳು ಕೈ ಒರೆಸಿಕೊಳ್ಳುತ್ತಾ ಬಂದು ನಿಂತಳು.

"ಹುಳಿಸೊಪ್ಪು ಹಾಕಿದ್ದಕ್ಕೆ ಹುಳಿ ಬಂದಿದೆ. ಬೋರೇಜ್ ಎಲ್ಲೋಯ್ತು?"

"ಅದನ್ನ ಹುರಿದ್ರೆ ವಾಸನೆ ನಿಲ್ಲಲ್ಲ, ಶ್ಟೋಲ್ ಅವರೇ. ಅದನ್ನ ಹಸಿಯಾಗೇ ತಿನ್ನಬೇಕು. ಇವತ್ತು ಗೊತ್ತಾಯ್ತು."

"ಅದೊಂದನ್ನ ಮಾತ್ರ?"

"ಚೆರ್ವಿಲ್ ಕೂಡ. ಉಳಿದ ಐದು ನಮ್ಮ ಬಾಣಲೆಗೆ ಚೆನ್ನಾಗೇ ಒಗ್ಗುತ್ತೆ."

ಅವನು ಗಲ್ಲ ಕೆರೆದುಕೊಂಡ. "ಹುರಿಯಬೇಡಿ ಅಂತ ಯಾರೂ ಹೇಳ್ಲಿಲ್ವಾ ನಿಮಗೆ?"

ಗೊಲ್ನಾರ್ ನನ್ನ ಕಡೆ ನೋಡಲೂ ಇಲ್ಲ. "ನಾನು ಕೇಳ್ಲಿಲ್ಲ" ಎಂದಳು.

"ನಾನು ಹೇಳ್ಲಿಲ್ಲ ಎವಾಲ್ಟ್," ಎಂದೆ. "ಹಾಗೇ ಬರ್ಕೋ."

ಎವಾಲ್ಟ್ ತಿರುಗಿ ಕೋಣೆಯನ್ನು ನೋಡಿದ. ಮೇಜುಗಳು ಸಾಲದೆ ನಾಲ್ಕು ಜನ ಕಿಟಕಿ ಹಲಗೆಯ ಡಬ್ಬಿಗಳನ್ನು ಸರಿಸಿ ಅಲ್ಲೇ ತಟ್ಟೆ ಇಟ್ಟುಕೊಂಡಿದ್ದರು. ರೋರಿಗ್ ಅಜ್ಜಿ ಗೊಲ್ನಾರ್ ಬಾಗಿಲು ಬಾಗಿಲಿಗೆ ಹೋಗಿ ಏನಂದಳೆಂದು ಕೈ ಆಡಿಸಿ ನಟಿಸಿ ತೋರಿಸುತ್ತಿದ್ದಳು. ಪಕ್ಕದವರು ನಗುತ್ತಿದ್ದರು. ಅವನು ತುಟಿಯಲ್ಲೇ ತಲೆ ಎಣಿಸುವುದು ನನಗೆ ಕಾಣಿಸಿತು. ಶಾಲೆಯಲ್ಲೂ ಹಾಗೇ ಎಣಿಸುತ್ತಿದ್ದ.

"ಪೆಟ್ಟಿಗೆ ಊಟಕ್ಕೆ ಇಷ್ಟು ಜನ ಬರಲ್ಲ" ಎಂದ. ಉಳಿದ ಅರ್ಧ ಕೂಕುವನ್ನು ಬಾಯಿಗೆ ಹಾಕಿಕೊಂಡು, "ಬರಲ್ಲ ಬಿಡು. ಅಡುಗೆಮನೆ ಇರ್ಲಿ. ಇವರೇ ನಡೆಸ್ಲಿ."

ಗೊಲ್ನಾರ್ ಖಾಲಿ ಕುರ್ಚಿಯೊಂದರ ಬೆನ್ನು ಹಿಡಿದುಕೊಂಡಳು. ಅದು ಬೆಂಡರ್ ಕೂತಿದ್ದ ಕುರ್ಚಿ. ಕೂರಲಿಲ್ಲ, ಹಿಡಿದುಕೊಂಡು ನಿಂತಳು, ಅಷ್ಟೆ.

"ಆದ್ರೆ ಒಂದು ಷರತ್ತು," ಎಂದ ಎವಾಲ್ಟ್. "ಹಸಿರು ಗುರುವಾರ ಮಾತ್ರ ಒಲೆ ಹಚ್ಚುವ ಮೊದಲು ಲಿಂಡೆ ಬಂದು ಪಕ್ಕದಲ್ಲಿ ನಿಲ್ಲಬೇಕು. ಪ್ರತಿ ವರ್ಷ."

"ನಾನು ನಿವೃತ್ತಿ ಆಗ್ತಿದ್ದೀನಿ!"

"ಆಗು. ಗುರುವಾರ ಬಿಟ್ಟು ಆಗು."

"ಖಾನೂಮ್ ಬರಲಿ," ಎಂದಳು ಗೊಲ್ನಾರ್. ಕಣ್ಣು ಒರೆಸಿಕೊಳ್ಳುತ್ತಲೇ ಅವಳ ನಾಲಿಗೆ ವಾಪಸು ಬಂದಿತ್ತು. "ಆದ್ರೆ ಮುಂದಿನ ಸಲ ಪೂರ್ತಿ ವಾಕ್ಯ ಹೇಳಲಿ."

ಅಲ್ಲಿಂದ ಈಚೆಗೆ ಮೂರು ಹಸಿರು ಗುರುವಾರ ಕಳೆದಿವೆ. ಬೆಂಡರ್ ದಂಪತಿ ಮತ್ತೆ ಬರಲಿಲ್ಲ. ಬೀದಿಯಲ್ಲಿ ಸಿಕ್ಕರೂ ತಲೆ ಮಾತ್ರ ಬಾಗಿಸುತ್ತಾರೆ, ಅದು ನನಗೆ ಇನ್ನೂ ನೋವು. ಅವತ್ತು ಸೊಪ್ಪು ಕೊಟ್ಟವರಲ್ಲಿ ಏಳು ಜನ ಈಗ ದಿನವೂ ಊಟಕ್ಕೆ ಬರುತ್ತಾರೆ. ಗೊಲ್ನಾರ್‌ಗೆ ಅಡುಗೆಮನೆ ಸಿಕ್ಕಿತು. ನನಗೆ ವರ್ಷಕ್ಕೊಂದು ಗುರುವಾರದ ರಜೆ ಹೋಯಿತು.